ಬೆಂಗಳೂರಿನಲ್ಲಿದ್ದುಕೊಂಡು ವಸಾಹತು ಆಳ್ವಿಕೆಯ ಇತಿಹಾಸವನ್ನು ಓದುವ ಬಗೆ

ವಸಾಹತು ಆಳ್ವಿಕೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಇಸವಿಗಳು: 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು, 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು, 1757ರ ಪ್ಲಾಸಿ ಕದನ, 1764ರ ಬಕ್ಸಾರ್ ಕದನ, 1858ರಲ್ಲಿ ಕಂಪನಿಯ ಕೈಯಿಂದ ರಾಣಿಯ ಕೈಗೆ ಅಧಿಕಾರ ಹೋದದ್ದು. ಇಸವಿಗಳೆಲ್ಲ ಸರಿಯಾಗಿಯೇ ಇವೆ. ಆದರೆ ಆಳ್ವಿಕೆ ಎಂಬುದು ಕದನ ಮುಗಿದ ಮಾರನೆಯ ದಿನ ಆರಂಭವಾಗುವ ಕೆಲಸ. ಕಂದಾಯ ಎತ್ತುವುದು, ನ್ಯಾಯ ತೀರ್ಮಾನ ಮಾಡುವುದು, ಸೈನ್ಯ ಸಾಕುವುದು, ಜನರನ್ನು ಎಣಿಸುವುದು ಇವೆಲ್ಲ ಸೇರಿ ಆಳ್ವಿಕೆಯಾಗುತ್ತದೆ. ಅದನ್ನು ತಿಳಿಯಲು ಬೆಂಗಳೂರು ಒಳ್ಳೆಯ ಜಾಗ, ಏಕೆಂದರೆ ಇಲ್ಲಿ ಒಂದೇ ಊರಿನೊಳಗೆ ಎರಡು ಸರ್ಕಾರಗಳು ಬಹುಕಾಲ ಅಕ್ಕಪಕ್ಕದಲ್ಲಿ ನಡೆದಿದ್ದವು.

ಈ ಬರಹ ಕಾಲೇಜು ವಿದ್ಯಾರ್ಥಿಗಳಿಗೆ, ಮಕ್ಕಳನ್ನು ಕರೆದುಕೊಂಡು ಊರು ತೋರಿಸುವ ಶಿಕ್ಷಕರಿಗೆ ಮತ್ತು ತಮ್ಮ ಬಡಾವಣೆಯ ಹಿಂದಿನ ಕಥೆಯನ್ನು ತಿಳಿಯಬೇಕೆನ್ನುವ ಯಾರಿಗೇ ಆದರೂ ಉಪಯೋಗವಾಗಲಿ ಎಂಬ ಉದ್ದೇಶದಿಂದ ಬರೆದದ್ದು. ಉದ್ದಕ್ಕೂ ಎರಡೇ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡಿರಿ: ಇದಕ್ಕೆ ಹಣ ಕೊಟ್ಟವರು ಯಾರು, ಇಲ್ಲಿ ಹುಕುಂ ನಡೆಯುತ್ತಿದ್ದುದು ಯಾರದು? ಕೋಟೆಯ ಗೋಡೆ, ರೈಲು ನಿಲ್ದಾಣ, ಆಸ್ಪತ್ರೆ, ಪ್ರತಿಮೆ, ಕಡತ ಯಾವುದರ ಮುಂದೆ ನಿಂತರೂ ಈ ಎರಡನ್ನು ಕೇಳಿದರೆ ಸಾಕು, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಯಾರ ಸೀಮೆ ಎಂದು ಗೊತ್ತುಮಾಡಿಕೊಳ್ಳಿ

ಕನ್ನಡ ನಾಡು ಬ್ರಿಟಿಷರ ಕಾಲದಲ್ಲಿ ಒಂದೇ ಆಡಳಿತದ ಕೆಳಗೆ ಇರಲಿಲ್ಲ. ಪೇಶ್ವೆಗಳು ಸೋತ 1818ರ ನಂತರ ಧಾರವಾಡ, ಬೆಳಗಾವಿಗಳ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿನ ಅಧೀನದಲ್ಲಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿಗೆ ಕೊಟ್ಟರು. ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ಕೊಡಗನ್ನು 1834ರಲ್ಲಿ ಕಂಪನಿ ನೇರವಾಗಿ ವಶಪಡಿಸಿಕೊಂಡಿತು. ಇವುಗಳ ನಡುವೆ ಸಂಡೂರು, ಮುಧೋಳ, ಜಮಖಂಡಿ, ಸವಣೂರುಗಳಂತಹ ಸಣ್ಣ ಸಂಸ್ಥಾನಗಳು ಬೇರೆ. ಮೈಸೂರಿನದು ಮತ್ತೊಂದೇ ಬಗೆ: 1799ರಿಂದ 1831ರವರೆಗೆ ಒಪ್ಪಂದಕ್ಕೆ ಕಟ್ಟುಬಿದ್ದ ಅರಸೊತ್ತಿಗೆ, 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರರ ಆಳ್ವಿಕೆ, ಅನಂತರ 1947ರವರೆಗೆ ಮತ್ತೆ ಅರಸರು ಮತ್ತು ದಿವಾನರು.

ಇದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಗ್ರಂಥಾಲಯಕ್ಕೆ ಹೋದರೆ ವೃಥಾ ಅಲೆದಾಟವಾಗುತ್ತದೆ. ನಿಮ್ಮ ಮನೆತನ ಧಾರವಾಡದ ಕಡೆಯದಾದರೆ ಹಳೆಯ ಕಂದಾಯದ ಮೇಲ್ಮಟ್ಟದ ಪತ್ರವ್ಯವಹಾರವನ್ನು ಮುಂಬಯಿಯ ಪತ್ರಾಗಾರದಲ್ಲಿ ಹುಡುಕಬೇಕು. ಬಳ್ಳಾರಿಯವರಾದರೆ ಚೆನ್ನೈಗೆ, ಕಲಬುರಗಿಯವರಾದರೆ ಹೈದರಾಬಾದಿಗೆ ಮುಖಮಾಡಬೇಕು. ಮೈಸೂರು ಸಂಸ್ಥಾನದ ಜಿಲ್ಲೆಗಳವರಿಗೆ ಮಾತ್ರ ಬೆಂಗಳೂರಿನಲ್ಲಿಯೇ ಬಹುಪಾಲು ಸಿಗುತ್ತದೆ. ಕೊಡಗಿನವರಿಗೆ ಇಲ್ಲೊಂದು ಸುಳಿವು ಇದೆ: 1881ರ ನಂತರ ಬಹುಕಾಲ ಮೈಸೂರಿನ ರೆಸಿಡೆಂಟನೇ (ಅರಸರ ಬಳಿ ಇರುತ್ತಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ) ಕೊಡಗಿನ ಮುಖ್ಯ ಕಮಿಷನರನೂ ಆಗಿದ್ದುದರಿಂದ ಮಡಿಕೇರಿಯ ಎಷ್ಟೋ ತೀರ್ಮಾನಗಳು ಬೆಂಗಳೂರಿನಲ್ಲಿ ಆದಂಥವು.

ಕೋಟೆಯ ಗೋಡೆಯ ಬಳಿ ಅರ್ಧ ದಿನ

ನಡೆದು ನೋಡುವ ಕೆಲಸವನ್ನು ಕೃಷ್ಣರಾಜೇಂದ್ರ ಮಾರುಕಟ್ಟೆಯ ಪಕ್ಕದ ಕೋಟೆಯಿಂದ ಆರಂಭಿಸಿ. ಕೆಂಪೇಗೌಡರ ಕಾಲದ ಮಣ್ಣಿನ ಕೋಟೆಯನ್ನು ಹೈದರಾಲಿ 1761ರ ಸುಮಾರಿಗೆ ಕಲ್ಲಿನಲ್ಲಿ ಕಟ್ಟಿಸಿದ. ಇಂದು ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದಕ್ಕೆ ಹೊಂದಿದ ಒಂದಿಷ್ಟು ಗೋಡೆ, ಅಷ್ಟೆ. ಬಸ್ಸು, ಆಟೋ, ತಳ್ಳುಗಾಡಿಗಳ ನಡುವೆ ಹೊರಗಿನ ಗೋಡೆಯನ್ನು ಗಮನವಿಟ್ಟು ನೋಡುತ್ತ ಹೋದರೆ ಇಂಗ್ಲಿಷಿನಲ್ಲಿ ಕೆತ್ತಿದ ಒಂದು ಫಲಕ ಕಾಣಿಸುತ್ತದೆ. ಗೋಡೆ ಒಡೆದ ಈ ಜಾಗದ ಮೂಲಕ 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿ ನಡೆಯಿತು ಎಂಬುದು ಅದರ ಅಭಿಪ್ರಾಯ.

ಫಲಕದ ಮುಂದೆ ಸುಮ್ಮನೆ ಫೋಟೋ ತೆಗೆದುಕೊಂಡು ಹೊರಡಬೇಡಿ. ಅದು ಹೇಳುವುದನ್ನು ಒಂದು ಹಾಳೆಯ ಎಡಕ್ಕೆ ಬರೆದು, ಹೇಳದೆ ಬಿಟ್ಟದ್ದನ್ನು ಬಲಕ್ಕೆ ಬರೆಯಿರಿ. ದಾಳಿಯ ದಿನಾಂಕ ಮತ್ತು ದಾಳಿ ಮಾಡಿದವರ ಹೆಸರು ಎಡಕ್ಕೆ ಬರುತ್ತವೆ. ಕೋಟೆಯನ್ನು ಕಾಯುತ್ತ ಅಲ್ಲಿಯೇ ಸತ್ತ ಕಿಲ್ಲೇದಾರ ಬಹಾದ್ದೂರ್ ಖಾನ್ ಬಲಕ್ಕೆ ಬರುತ್ತಾನೆ. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 7ರಂದು, ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹಿಡಿದದ್ದು ಕೂಡ ಬಲಕ್ಕೇ. ಕೋಟೆಗಿಂತ ಮೊದಲು ಏಟು ತಿಂದದ್ದು ನೇಕಾರರು, ವರ್ತಕರು, ಧಾನ್ಯದ ಮಂಡಿಯವರು ಇದ್ದ ಪೇಟೆ ಎಂಬುದನ್ನು ಫಲಕ ನಿಮಗೆ ಹೇಳುವುದಿಲ್ಲ. ಬೆಂಗಳೂರನ್ನೇ ಮೊದಲು ಹಿಡಿಯಲು ಕಾರಣವೇನೆಂಬುದೂ ಅಲ್ಲಿಲ್ಲ. ಶ್ರೀರಂಗಪಟ್ಟಣಕ್ಕೆ ಮುನ್ನುಗ್ಗಬೇಕಾದರೆ ಮದ್ರಾಸಿನ ಕಡೆಯಿಂದ ಬರುವ ಮದ್ದುಗುಂಡು, ದವಸ, ಎತ್ತುಗಳಿಗೆ ನಡುವೆ ಒಂದು ಭದ್ರವಾದ ನೆಲೆ ಬೇಕಿತ್ತು. ಮರುವರ್ಷ, ಅಂದರೆ 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು.

ಇದೇ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನ್ಯದವರ ನೆನಪಿಗೆ ನಿಲ್ಲಿಸಿದ್ದ ಸ್ಮಾರಕ ಸ್ತಂಭವೊಂದು ಇಂದಿನ ಹಡ್ಸನ್ ವೃತ್ತದ ಬಳಿ ಇತ್ತು. ಅದನ್ನು 1964ರಲ್ಲಿ ಕೆಡವಲಾಯಿತು. ಅದರ ಹೆಸರನ್ನೇ ಹೊತ್ತಿದ್ದ ಸೆನೊಟಾಫ್ ರಸ್ತೆ ಈಗ ನೃಪತುಂಗ ರಸ್ತೆ. ಕೆಡವಿದ್ದು ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಇದೆ. ಸ್ತಂಭ ಇರಬೇಕಿತ್ತು, ಅದರ ಪಕ್ಕದಲ್ಲಿ ಪೇಟೆಯವರ ಕಥೆ ಹೇಳುವ ಇನ್ನೊಂದು ಕಲ್ಲೂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಮಂದಿ ಇದ್ದಾರೆ.

ವರಹವನ್ನು ರೂಪಾಯಿಗೆ ತಿರುಗಿಸಿ ನೋಡಿ

ಇನ್ನು ಲೆಕ್ಕದ ಕೆಲಸ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರಿಯ ಕಥೆಯಾಗಿ ಉಳಿಯುತ್ತದೆ. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದು, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿ, ಕಂಪನಿ ಸಹಾಯಕ ಸೈನ್ಯ ಪದ್ಧತಿಯ, ಅಂದರೆ ಸೈನ್ಯ ಕಂಪನಿಯದು, ಖರ್ಚು ರಾಜ್ಯದ್ದು ಎನ್ನುವ, ಒಪ್ಪಂದ ಮಾಡಿಕೊಂಡಿತು. ಅದರ ಪ್ರಕಾರ ಮೈಸೂರು ಪ್ರತಿ ವರ್ಷ 7 ಲಕ್ಷ ನಕ್ಷತ್ರ ವರಹಗಳನ್ನು (ಅಂದಿನ ಚಿನ್ನದ ನಾಣ್ಯ) ಪೊಗದಿಯಾಗಿ, ಅಂದರೆ ಕಪ್ಪವಾಗಿ, ಕಟ್ಟಬೇಕು. ಒಂದು ನಕ್ಷತ್ರ ವರಹಕ್ಕೆ ಮೂರೂವರೆ ರೂಪಾಯಿಯಂತೆ ಗುಣಿಸಿ ನೋಡಿ: 24 ಲಕ್ಷದ 50 ಸಾವಿರ ರೂಪಾಯಿ. ಮುಂದಿನ ನೂರಕ್ಕೂ ಹೆಚ್ಚು ವರ್ಷಗಳ ಮೈಸೂರಿನ ವರದಿಗಳಲ್ಲಿ ಎಲ್ಲಿ ನೋಡಿದರೂ ಈ ಇಪ್ಪತ್ತನಾಲ್ಕೂವರೆ ಲಕ್ಷ ಕಣ್ಣಿಗೆ ಬೀಳುತ್ತದೆ. ಎಲ್ಲಿಂದ ಬಂತೆಂಬುದು ಈ ಗುಣಾಕಾರದಿಂದ ತಿಳಿಯುತ್ತದೆ. ಹಳೆಯ ಕಾಗದಗಳಲ್ಲಿ ಕಂಠೀರಾಯಿ ವರಹವೂ ಬರುವುದರಿಂದ ಎರಡನ್ನೂ ಒಂದೇ ಎಂದು ಭಾವಿಸದೆ, ಯಾವ ವರಹ ಎಂಬುದನ್ನು ಪ್ರತಿ ಸಲವೂ ನೋಡಿಕೊಳ್ಳಬೇಕು.

ಅಂಕಿಯ ತೂಕ ತಿಳಿಯಬೇಕಾದರೆ ಅದನ್ನು ಆದಾಯದ ಪಕ್ಕದಲ್ಲಿಟ್ಟು ನೋಡಬೇಕು. 1881ರಲ್ಲಿ ಅರಸರಿಗೆ ರಾಜ್ಯ ಮರಳಿದಾಗ ಮೈಸೂರಿನ ವಾರ್ಷಿಕ ಆದಾಯ ಸುಮಾರು ಒಂದು ಕೋಟಿ ರೂಪಾಯಿ. ಅಂದರೆ ಬೊಕ್ಕಸಕ್ಕೆ ಬಂದ ನಾಲ್ಕು ರೂಪಾಯಿಯಲ್ಲಿ ಹೆಚ್ಚುಕಡಿಮೆ ಒಂದು ರೂಪಾಯಿ ಪೊಗದಿಗೇ ಹೋಗುತ್ತಿತ್ತು. ಆ ವರ್ಷದ ಹಸ್ತಾಂತರದ ಪತ್ರ ಈ ಮೊತ್ತವನ್ನು 35 ಲಕ್ಷಕ್ಕೆ ಏರಿಸಿತು. ರಾಜ್ಯದ ದೈನ್ಯಸ್ಥಿತಿಯನ್ನು ಕಂಡು ಏರಿಕೆಯ ವಸೂಲಿಯನ್ನು 1896ರವರೆಗೆ ಮುಂದೂಡಿದರು. ದೈನ್ಯಕ್ಕೆ ಕಾರಣ 1876ರಿಂದ 1878ರವರೆಗಿನ ಬರ. ಜನಗಣತಿಯ ಎರಡು ಅಂಕಿಗಳನ್ನು ಸೇರಿಸಿ ಓದಿ: 1871ರಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷಕ್ಕೂ ಮೇಲೆ, 1881ರಲ್ಲಿ ಸುಮಾರು 42 ಲಕ್ಷ. ಬರದ ವರ್ಷಗಳಲ್ಲಿ ರಾಜ್ಯವನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರರು. ಬರದ ಸಾಲವನ್ನು, ಸುಮಾರು 80 ಲಕ್ಷ ರೂಪಾಯಿಗಳನ್ನು, ತೀರಿಸುವ ಹೊರೆ ಬಿದ್ದದ್ದು ಮಾತ್ರ ಹೊಸದಾಗಿ ಬಂದ ಅರಸರ ಸರ್ಕಾರದ ಮೇಲೆ. ಹಣ ಯಾರದು, ಹುಕುಂ ಯಾರದು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕೆನ್ನುವುದು ಇದಕ್ಕಾಗಿ.

1831ರ ಪ್ರಸಂಗವನ್ನೂ ಇದೇ ರೀತಿ ಓದಿ. ಇಂದಿನ ಶಿವಮೊಗ್ಗದ ಕಡೆಯ ನಗರ ಸೀಮೆಯ ರೈತರ ದಂಗೆಯನ್ನು ಮುಂದೆ ಮಾಡಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿಯವರ ಕೈಯಿಂದ ಆಡಳಿತವನ್ನು ತೆಗೆದುಕೊಂಡ. ಆದರೆ ಅದಕ್ಕೆ ದಾರಿಮಾಡಿಕೊಟ್ಟದ್ದು 1799ರ ಒಪ್ಪಂದದಲ್ಲಿಯೇ ಇದ್ದ ಒಂದು ಷರತ್ತು: ಕಟ್ಟಬೇಕಾದ ಹಣಕ್ಕೆ ಧಕ್ಕೆ ಬರುವಂತೆ ಕಂಡರೆ ಕಂಪನಿ ರಾಜ್ಯದ ಭಾಗವನ್ನು ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದು. ಅನಂತರ ಬಂದ ವಿಚಾರಣಾ ಸಮಿತಿಯ ವರದಿಯಲ್ಲಿ ಅರಸರ ಮೇಲಿನ ಆರೋಪಗಳು ಮೊದಲು ಹೇಳಿದಷ್ಟು ಗಟ್ಟಿಯಾಗಿರಲಿಲ್ಲ. 1834ರಲ್ಲಿ ಬೆಂಟಿಂಕನೇ ರಾಜ್ಯದ ಒಂದು ಭಾಗವನ್ನು ಹಿಂದಿರುಗಿಸುವ ಸಲಹೆ ಮಾಡಿದರೂ ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ತಾತ್ಕಾಲಿಕವೆಂದು ಬಂದ ಆಡಳಿತ ಐವತ್ತು ವರ್ಷ ನಿಂತಿತು. ಅದರಲ್ಲಿ 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಒಬ್ಬನದೇ ಅವಧಿ.

ಪೇಟೆ ಎಲ್ಲಿಗೆ ಮುಗಿಯುತ್ತದೆ, ದಂಡು ಎಲ್ಲಿಂದ ಆರಂಭವಾಗುತ್ತದೆ

ಶ್ರೀರಂಗಪಟ್ಟಣದಲ್ಲಿದ್ದ ಕಂಪನಿಯ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದು, ಹಲಸೂರಿನ ಕಡೆಯ ಬಯಲಿನಲ್ಲಿ ನೆಲೆಯೂರಿತು. ಹಳಬರು ಇಂದಿಗೂ ಆ ಭಾಗವನ್ನು ದಂಡು ಎಂದೇ ಕರೆಯುತ್ತಾರೆ. ಸೈನ್ಯದ ಹಿಂದೆಯೇ ಮದ್ರಾಸ್ ಸೀಮೆಯಿಂದ ಗುತ್ತಿಗೆದಾರರು, ಬಾಣಸಿಗರು, ಕುದುರೆ ನೋಡಿಕೊಳ್ಳುವವರು, ದರ್ಜಿಗಳು, ಕಲ್ಲುಕುಟಿಗರು ಬಂದರು. ಹಲಸೂರು, ಶಿವಾಜಿನಗರಗಳಲ್ಲಿ ತಮಿಳು, ಉರ್ದು, ತೆಲುಗುಗಳು ಇಷ್ಟು ದಟ್ಟವಾಗಿ ಕೇಳಿಸುವುದಕ್ಕೆ ಮೂಲ ಇಲ್ಲಿದೆ. ಇದನ್ನು ಭಾಷೆಯ ಜಗಳವಾಗಿ ನೋಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆಯಾದರೂ, ಆ ಕುಟುಂಬಗಳನ್ನು ಇಲ್ಲಿಗೆ ತಂದದ್ದು ಸೈನ್ಯದ ಕೆಲಸ ಎಂಬುದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

1881ರಲ್ಲಿ ರಾಜ್ಯ ಅರಸರಿಗೆ ಮರಳಿದರೂ ದಂಡು ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಅದು ಬ್ರಿಟಿಷ್ ರೆಸಿಡೆಂಟನ ಅಧಿಕಾರದಲ್ಲಿ ಉಳಿಯಿತು. ಅಲ್ಲಿನ ಪೊಲೀಸು, ನ್ಯಾಯಾಲಯ, ಪುರಸಭೆ ಎಲ್ಲವೂ ಬೇರೆ. ಚಿಕ್ಕಪೇಟೆಯಲ್ಲಿ ನಡೆದ ವ್ಯಾಜ್ಯ ಮೈಸೂರಿನ ಕಾನೂನಿನ ಪ್ರಕಾರ ತೀರ್ಮಾನವಾದರೆ, ಕಮರ್ಷಿಯಲ್ ಸ್ಟ್ರೀಟಿನ ವ್ಯಾಜ್ಯಕ್ಕೆ ಕೊನೆಯ ಮೇಲ್ಮನವಿ ಹೋಗುತ್ತಿದ್ದುದು ರೆಸಿಡೆಂಟನ ಬಳಿಗೆ. ಎರಡರ ನಡುವಿನ ಪಟ್ಟಿಯಂತೆ ಇರುವುದು ಕಬ್ಬನ್ ಪಾರ್ಕು.

ಇದನ್ನು ಕಾಲಿನಿಂದಲೇ ಅಳೆಯಬಹುದು. ಅವೆನ್ಯೂ ರಸ್ತೆಯ ಕಡೆಯಿಂದ ಹೊರಟು, ಮೈಸೂರು ಬ್ಯಾಂಕ್ ವೃತ್ತವನ್ನು ದಾಟಿ, ಇಂದು ಹೈಕೋರ್ಟು ಇರುವ ಅಠಾರ ಕಚೇರಿಯ ಪಕ್ಕದಿಂದ ಪಾರ್ಕಿನೊಳಗೆ ನಡೆದು, ಕ್ವೀನ್ಸ್ ರಸ್ತೆಯ ತುದಿಯಲ್ಲಿ 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ಪ್ರತಿಮೆಯ ಬಳಿ ಹೊರಬನ್ನಿ. ಅಲ್ಲಿಂದ ಮುಂದೆ ರಸ್ತೆಗಳ ಹೆಸರುಗಳನ್ನು ಬರೆದುಕೊಳ್ಳುತ್ತ ಹೋಗಿ. ಪೇಟೆಯಲ್ಲಿ ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ ಎಂದು ಕಸುಬಿನ ಮೇಲೆ ನಿಂತ ಹೆಸರುಗಳು. ಈ ಕಡೆ ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಆರ್ಟಿಲರಿ ರಸ್ತೆ, ಕಮಿಸರಿಯಟ್ ರಸ್ತೆ ಎಂದು ಸೈನ್ಯದ ವಿಭಾಗಗಳ ಹೆಸರುಗಳು. ಮಹಾತ್ಮ ಗಾಂಧಿ ರಸ್ತೆ ಹಿಂದೆ ಸೌತ್ ಪೆರೇಡ್ ಆಗಿತ್ತು, ಕಾಮರಾಜ್ ರಸ್ತೆ ಕ್ಯಾವಲ್ರಿ ರಸ್ತೆಯಾಗಿತ್ತು ಎಂಬುದನ್ನು ಸೇರಿಸಿಕೊಂಡು ಹಳೆಯ ನಕ್ಷೆಯನ್ನು ಹೊಸದರ ಮೇಲೆ ಇಟ್ಟರೆ ದಂಡಿನ ಸ್ವರೂಪ ಸ್ಪಷ್ಟವಾಗುತ್ತದೆ. ಪೇಟೆಯ ನೇಕಾರರ ನಡುವೆಯೇ ಕಬ್ಬನ್‌ಪೇಟೆ ಎಂಬ ಹೆಸರು ಇರುವುದನ್ನೂ ಗಮನಿಸಿ. ಗೆರೆ ಇತ್ತು, ಆದರೆ ಅಧಿಕಾರ ಗೆರೆಯ ಎರಡೂ ಕಡೆ ಓಡಾಡುತ್ತಿತ್ತು.

ಕಟ್ಟಡದ ಹೆಸರನ್ನು ನಂಬುವ ಮೊದಲು

ಹೆಸರು ನೋಡಿ ಕಟ್ಟಿಸಿದವರನ್ನು ಊಹಿಸಬೇಡಿ. ಕೋಟೆಯ ಎದುರಿಗಿರುವ ವಿಕ್ಟೋರಿಯಾ ಆಸ್ಪತ್ರೆಗೆ ಇಂಗ್ಲೆಂಡಿನ ರಾಣಿಯ ಹೆಸರಿದೆ, 1900ರಲ್ಲಿ ಅದನ್ನು ಉದ್ಘಾಟಿಸಿದವನು ವೈಸರಾಯ್ ಕರ್ಜನ್; ಆದರೆ ಕಟ್ಟಿಸಿದ್ದು ಮೈಸೂರು ಸರ್ಕಾರ, ಶಂಕುಸ್ಥಾಪನೆ ಮಾಡಿದವರು ರೀಜೆಂಟರಾಗಿ, ಅಂದರೆ ಎಳೆಯ ಅರಸರ ಪರವಾಗಿ, ಆಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು. ಬೌರಿಂಗ್ ಆಸ್ಪತ್ರೆ ಇದಕ್ಕೆ ಬೇರೆ, ಅದು ದಂಡಿನ ಸಂಸ್ಥೆ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳು ಮೈಸೂರು ಸರ್ಕಾರದವು; 1910ರಲ್ಲಿ ರೂಪುಗೊಂಡ ಫ್ರೇಜರ್ ಟೌನ್ ಒಬ್ಬ ರೆಸಿಡೆಂಟನ ಹೆಸರನ್ನು ಹೊತ್ತದ್ದು.

ಬ್ರಿಟಿಷರು ರೈಲು ಕೊಟ್ಟರಲ್ಲ ಎಂಬ ಮಾತು ಚರ್ಚೆಯಲ್ಲಿ ಬಂದೇ ಬರುತ್ತದೆ. ಉತ್ತರಕ್ಕೆ ಆವೇಶ ಬೇಡ, ಲೆಕ್ಕ ಸಾಕು. ಜೋಲಾರಪೇಟೆಯಿಂದ ದಂಡಿನ ನಿಲ್ದಾಣಕ್ಕೆ 1864ರಲ್ಲಿ ಬಂದ ದಾರಿ ಮದ್ರಾಸ್ ರೈಲ್ವೆ ಕಂಪನಿಯದು. ಅಂತಹ ಕಂಪನಿಗಳ ಷೇರುದಾರರಿಗೆ ಲಾಭ ಬರಲಿ ಬಿಡಲಿ, ನೂರಕ್ಕೆ ಐದರಂತೆ ಆದಾಯದ ಭರವಸೆಯನ್ನು ಸರ್ಕಾರ ಕೊಟ್ಟಿತ್ತು. ಕೊರತೆ ಬಿದ್ದಾಗ ತುಂಬಿದ್ದು ಭಾರತದ ಬೊಕ್ಕಸ. ಹಳಿ ಮೊದಲು ತಲುಪಿದ್ದು ದಂಡಿಗೆ ಎಂಬುದೂ ಆಕಸ್ಮಿಕವಲ್ಲ.

ಪ್ರತಿಮೆಗಳಿಗಿಂತ ಯುದ್ಧಸ್ಮಾರಕಗಳಿಗೆ ಹೆಚ್ಚು ಸಮಯ ಕೊಡಿ ಎಂದು ನಾನು ಹೇಳುತ್ತೇನೆ. ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೈಸೂರಿನ ಅಶ್ವಪಡೆ ಮೊದಲ ಮಹಾಯುದ್ಧದಲ್ಲಿ ಸೂಯೆಜ್ ಕಡೆಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಂದಿಗೆ ಹೈಫಾ ಪಟ್ಟಣವನ್ನು ಹಿಡಿಯಿತು. ಸಾಮ್ರಾಜ್ಯದ ಸೇವೆಗೆಂದು ಇಂತಹ ಪಡೆಗಳನ್ನು ಸಾಕುತ್ತಿದ್ದ ಖರ್ಚು ಪೊಗದಿಯ ಮೇಲೆ ಇನ್ನೊಂದು ಹೊರೆಯಾಗಿತ್ತು.

ಕಡತ ಮತ್ತು ಪುಸ್ತಕಗಳನ್ನು ಬಳಸುವುದು

ಬಿ. ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ಮೊದಲು ಕೈಗೆತ್ತಿಕೊಳ್ಳಬೇಕಾದ ಪುಸ್ತಕ. ಅನಂತರ ಹಯವದನರಾಯರ ಗೆಜೆಟಿಯರ್ ಬರುತ್ತದೆ. ಇವು ಇಂಟರ್ನೆಟ್ ಆರ್ಕೈವಿನಲ್ಲಿ ಉಚಿತವಾಗಿ ಸಿಗುತ್ತವೆ. ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸದಿದ್ದರೆ ನಮ್ಮ ಇತಿಹಾಸ ಬಡವಾಗುತ್ತಿತ್ತು. ಆದರೂ ಗೆಜೆಟಿಯರ್ ಎಂಬುದು ಆಳುವವರ ಉಪಯೋಗಕ್ಕೆ ಸಿದ್ಧವಾದ ಕೈಪಿಡಿ; ಜಾತಿ, ಬೆಳೆ, ಕೆರೆ, ಕಂದಾಯಗಳ ವಿವರ ಅಲ್ಲಿ ಸಮೃದ್ಧವಾಗಿರುವುದು ಆ ಕಾರಣಕ್ಕೇ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇಲೆ ಬಂದ ಫ್ರಾನ್ಸಿಸ್ ಬುಕಾನನ್ ಬೆಂಗಳೂರು ಪೇಟೆಯ ನೇಯ್ಗೆ, ಬಣ್ಣ, ವ್ಯಾಪಾರಗಳನ್ನು ಅಷ್ಟು ಸೂಕ್ಷ್ಮವಾಗಿ ಬರೆದುಕೊಂಡದ್ದು ಕೂಡ ಹೊಸದಾಗಿ ಗೆದ್ದ ಸೀಮೆಯಲ್ಲಿ ಏನಿದೆ ಎಂದು ಕಂಪನಿಗೆ ತಿಳಿಸುವುದಕ್ಕಾಗಿ. ಓದುವಾಗ ವಿವರವನ್ನು ತೆಗೆದುಕೊಳ್ಳಿ, ತೀರ್ಪನ್ನು ಪಕ್ಕಕ್ಕಿಡಿ.

ಇಲ್ಲಿನ ಜನರ ಅಹವಾಲು ಬೇಕಾದರೆ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ಕೇಳಿ ತರಿಸಿಕೊಳ್ಳಿ. ದಿವಾನ ರಂಗಾಚಾರ್ಲು 1881ರಲ್ಲಿ ಆರಂಭಿಸಿದ ಈ ಸಭೆ ದಸರೆಯ ಸಮಯದಲ್ಲಿ ಸೇರುತ್ತಿತ್ತು. ಅಧಿಕಾರ ಏನೂ ಇರಲಿಲ್ಲ, ಮೊದಲ ಸಭೆಗೆ ಬಂದ 144 ಪ್ರತಿನಿಧಿಗಳು ಹೇಳಿಕೊಳ್ಳಬಹುದಿತ್ತು, ಅಷ್ಟೆ. ಹೇಳಿಕೊಂಡದ್ದು ಅಚ್ಚಾಗಿ ಉಳಿಯಿತು ಎಂಬುದೇ ನಮಗೆ ದೊಡ್ಡ ಲಾಭ. ಮುಂಬಯಿ ಸೀಮೆಯ ಕಡೆಗೆ ಲಾವಣಿಗಳಿವೆ. ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಎದುರಿಸಿದ 1857ರ ಹಲಗಲಿಯ ಬೇಡರ ಲಾವಣಿಯನ್ನು ಬರೆದಿಟ್ಟು ಪ್ರಕಟಿಸಿದವನು ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್. ಸರ್ಕಾರದ ವರದಿಯನ್ನೂ ಲಾವಣಿಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಒಂದೇ ಘಟನೆ ಎರಡು ಊರುಗಳಲ್ಲಿ ನಡೆದಂತೆ ಕಾಣುತ್ತದೆ.

ಮೂಲ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು. ಕಾಲೇಜಿನ ಅಥವಾ ಸಂಸ್ಥೆಯ ಪರಿಚಯಪತ್ರ, ಗುರುತಿನ ಚೀಟಿ ಜೊತೆಗಿರಲಿ. ಒಳಗೆ ಹೋದ ಮೇಲೆ ವಿಷಯ ಹೇಳಿ ಕಡತ ಕೇಳುವುದಕ್ಕಿಂತ, ಇಲಾಖೆ ಮತ್ತು ಇಸವಿ ಹೇಳಿ ಸೂಚಿಯನ್ನು ಮೊದಲು ನೋಡುವುದು ಮೇಲು. ಏಕೆಂದರೆ ಕಡತಗಳನ್ನು ಜೋಡಿಸಿರುವುದು ಅಂದಿನ ಕಚೇರಿಗಳ ಕ್ರಮದಲ್ಲಿ, ನಮ್ಮ ಇಂದಿನ ಪ್ರಶ್ನೆಗಳ ಕ್ರಮದಲ್ಲಿ ಅಲ್ಲ. ಹಳೆಯ ಕನ್ನಡ ಕಾಗದಗಳಲ್ಲಿ ದಿನಾಂಕಗಳು ಸಂವತ್ಸರ, ಮಾಸ, ತಿಥಿಗಳಲ್ಲಿಯೋ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷದಲ್ಲಿಯೋ ಇರುವುದರಿಂದ ಹಳೆಯ ಪಂಚಾಂಗದ ಕೋಷ್ಟಕವೊಂದು ಕೈಯಲ್ಲಿರಬೇಕು. ದಂಡಿನ ಪ್ರದೇಶಕ್ಕೆ ಸಂಬಂಧಿಸಿದ ರೆಸಿಡೆನ್ಸಿಯ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ ಜಾಲತಾಣವನ್ನು ಮನೆಯಿಂದಲೇ ಹುಡುಕಬಹುದು. 1909ರಲ್ಲಿ ಆರಂಭವಾಗಿ ಈಗ ನೃಪತುಂಗ ರಸ್ತೆಯಲ್ಲಿರುವ ಮಿಥಿಕ್ ಸೊಸೈಟಿಯ ಗ್ರಂಥಾಲಯ ಮತ್ತು ಅದರ ತ್ರೈಮಾಸಿಕದ ಹಳೆಯ ಸಂಚಿಕೆಗಳು, ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿರುವ ಮಿಷನರಿ ದಾಖಲೆಗಳು ಇದಕ್ಕೆ ಪೂರಕ.

ಎಲ್ಲಿಗೆ ನಿಲ್ಲಿಸಬೇಕು

ಹುಡುಕಾಟವನ್ನು 1947ರ ಆಗಸ್ಟ್ 15ಕ್ಕೆ ಮುಗಿಸಿದರೆ ಬೆಂಗಳೂರಿನ ಮಟ್ಟಿಗೆ ಅರ್ಧ ಉಳಿಯುತ್ತದೆ. ದಂಡಿನ ಪ್ರದೇಶ ಮೈಸೂರಿಗೆ ಮರಳಿದ್ದು ಅದಕ್ಕೆ ಕೆಲವು ದಿನ ಮೊದಲು, ಜುಲೈ 26ರಂದು. ಅತ್ತ ದೇಶ ಸ್ವತಂತ್ರವಾದ ಮೇಲೂ ಮೈಸೂರಿನ ಜನ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಸಬೇಕಾಯಿತು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರಿನಲ್ಲಿ. ಪೇಟೆಯ ಪುರಸಭೆ ಮತ್ತು ದಂಡಿನ ಪುರಸಭೆ ಒಂದುಗೂಡಿ ನಗರಪಾಲಿಕೆಯಾದದ್ದು 1949ರಲ್ಲಿ. ನಿಮ್ಮ ಬಡಾವಣೆ ಗೆರೆಯ ಯಾವ ಕಡೆಗಿತ್ತೋ ಆ ಕಡೆಯ ಪುರಸಭೆಯ ದಾಖಲೆಗಳನ್ನು ಆ ವರ್ಷದವರೆಗೂ ನೋಡಿ. ಅದರ ಮುಂದಿನ ಕಾಗದಗಳು ಎರಡೂ ಕಡೆಯವರಿಗೆ ಒಂದೇ ಕಚೇರಿಯವು.